ನಾಲ್ಕನೇ ಬೆರಳು ನೆಲ ಮುಟ್ಟದಿದ್ದರೆ

ನಮ್ಮ ಮನೆಯ ಕಾವಿ ನೆಲದ ಮೇಲೆ ಒದ್ದೆ ಹೆಜ್ಜೆ ಬಿದ್ದರೆ ಅದು ನನ್ನದೋ ಅಲ್ಲವೋ ಎಂದು ಮಕ್ಕಳೂ ಹೇಳುತ್ತಾರೆ. ನನ್ನದರಲ್ಲಿ ನಾಲ್ಕೇ ಬೆರಳು, ಕಿರುಬೆರಳ ಪಕ್ಕ ಖಾಲಿ. ಚಿಕ್ಕವಳಿದ್ದಾಗ ಎಲ್ಲ ಸರಿಯಿತ್ತು. ಹತ್ತು ದಾಟಿದ ಮೇಲೆ ಉಳಿದವು ಬೆಳೆದವು, ಈ ನಾಲ್ಕನೆಯದು ನಿಂತುಬಿಟ್ಟಿತು. ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತೆಂದು ಅವ್ವ ಇಂದಿಗೂ ಕೊರಗುತ್ತಾಳೆ.

ಗ್ರಹಣದ ತಪ್ಪೇನಿಲ್ಲ. ಗಿಡ್ಡಗಿರುವುದು ಬೆರಳೂ ಅಲ್ಲ, ಅದರ ಹಿಂದೆ ಪಾದದೊಳಗಿರುವ ಉದ್ದ ಮೂಳೆ, ಮೆಟಾಟಾರ್ಸಲ್. ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಬೇಗ ಮುಚ್ಚಿಕೊಂಡರೆ ಉದ್ದ ಅಲ್ಲಿಗೇ ನಿಲ್ಲುತ್ತದೆ. ವೈದ್ಯರು ಬ್ರಾಕಿಮೆಟಾಟಾರ್ಸಿಯಾ ಎನ್ನುತ್ತಾರೆ. ಹೆಂಗಸರಲ್ಲೇ ಹೆಚ್ಚು, ಅದರಲ್ಲೂ ನಾಲ್ಕನೆಯ ಮೂಳೆ.

ಬೆರಳನ್ನು ಬಿಟ್ಟು ಮೊದಲು ಅಂಗಾಲು ನೋಡಿ. ಗಿಡ್ಡ ಮೂಳೆ ಭಾರ ಹೊರದಿದ್ದರೆ ಪಕ್ಕದವು ಹೊರಬೇಕು. ಅವುಗಳ ಕೆಳಗೆ ಚರ್ಮ ಗಟ್ಟಿಯಾಗಿ ಉರಿಯುತ್ತದೆ. ಮೆಣಸು ಕುಯ್ಯಲು ಏಣಿ ಹತ್ತಿದಾಗ, ಮೆಟ್ಟಿಲು ಸರಿಯಾಗಿ ಅಲ್ಲೇ ಒತ್ತಿ ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಎಕ್ಸ್-ರೇ ನಿಂತೇ ತೆಗೆಸಿ. ಮೊದಲ ಸಲ ನನ್ನನ್ನು ಮಲಗಿಸಿ ತೆಗೆದಿದ್ದರು, ಇನ್ನೊಬ್ಬ ವೈದ್ಯರು ಅದನ್ನು ಪಕ್ಕಕ್ಕಿಟ್ಟು ಮತ್ತೆ ತೆಗೆಸಿದರು. ಐದೂ ಮೂಳೆಗಳ ತುದಿ ಬಾಗಿದ ಒಂದು ಗೆರೆಯಲ್ಲಿ ಬರಬೇಕು. ಒಂದರ ತುದಿ ಆ ಗೆರೆಗಿಂತ ಸುಮಾರು 5 ಮಿಲಿಮೀಟರ್ ಅಥವಾ ಹೆಚ್ಚು ಹಿಂದೆ ಬಿದ್ದಿದ್ದರೆ ಇದೇ ತೊಂದರೆ. ಮುಷ್ಟಿ ಕಟ್ಟಿಯೂ ನೋಡಿ. ಕೈಯ ನಾಲ್ಕನೇ ಗೆಣ್ಣು ಕುಳಿಬಿದ್ದಿದ್ದರೆ, ಅಥವಾ ಹುಡುಗಿ ಬಹಳ ಕುಳ್ಳಗಿದ್ದು ಮುಟ್ಟಾಗದಿದ್ದರೆ, ವೈದ್ಯರಿಗೆ ಹೇಳಿ. ಟರ್ನರ್ ಸಿಂಡ್ರೋಮ್ (ಹೆಣ್ಣುಮಕ್ಕಳಲ್ಲಿ ಹುಟ್ಟಿನಿಂದಲೇ ಇರುವ ಒಂದು ವರ್ಣತಂತು ದೋಷ), ಕ್ಯಾಲ್ಸಿಯಂ ಏರುಪೇರು ಇವೆಯೇ ಎಂದು ರಕ್ತ ಪರೀಕ್ಷೆ ಬೇಕಾಗುತ್ತದೆ.

ನೋವಿಲ್ಲದಿದ್ದರೆ ಏನೂ ಮಾಡಬೇಡಿ. ಎಣ್ಣೆ ಹಚ್ಚಿ ಎಳೆದರೆ ಮೂಳೆ ಉದ್ದವಾಗದು. ನೋವಿದ್ದರೆ ಮುಂಭಾಗ ಅಗಲವಿರುವ ಚಪ್ಪಲಿ, ಒಳಗೊಂದು ಪ್ಯಾಡ್. ಪ್ಯಾಡನ್ನು ನೋಯುವ ಜಾಗದ ಮೇಲಲ್ಲ, ಅದರ ಸ್ವಲ್ಪ ಹಿಂದೆ, ಹಿಮ್ಮಡಿಯ ಕಡೆ ಇಡಬೇಕು. ನಾನು ಎರಡು ತಿಂಗಳು ತಪ್ಪು ಜಾಗದಲ್ಲಿಟ್ಟು ಪ್ಯಾಡನ್ನೇ ಬೈದೆ. ಗಮ್ ಬೂಟು ಕೊಳ್ಳುವಾಗ ಪ್ಯಾಡ್ ಜೊತೆಗೊಯ್ದು, ಸಂಜೆ ಕಾಲು ಸ್ವಲ್ಪ ಊದಿರುವಾಗ ಹಾಕಿ ನೋಡಿ. ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಕೆರೆಯಬೇಡಿ, ಸಕ್ಕರೆ ಕಾಯಿಲೆಯವರಂತೂ ಬೇಡವೇ ಬೇಡ.

ಇಷ್ಟಕ್ಕೂ ತಗ್ಗದಿದ್ದರೆ ಆಪರೇಷನ್, ಅದೂ ಬೆಳವಣಿಗೆ ಮುಗಿದ ಮೇಲೆ. ಕೊರತೆ ಕಡಿಮೆಯಿದ್ದರೆ ಸೊಂಟದ ಮೂಳೆಯ ತುಂಡು ತಂದು ಒಂದೇ ಸಲಕ್ಕೆ ಸೇರಿಸುತ್ತಾರೆ. ಹೆಚ್ಚಿದ್ದರೆ ಮೂಳೆ ಕತ್ತರಿಸಿ, ಹೊರಗೆ ಪಿನ್ನುಗಳ ಚೌಕಟ್ಟು ಕಟ್ಟಿ, ಕೆಲ ದಿನ ಬಿಟ್ಟು ತಿರುಪು ತಿರುಗಿಸುತ್ತ ಎರಡು ತುಂಡುಗಳನ್ನು ನಿಧಾನವಾಗಿ ದೂರ ಸರಿಸುವುದು, ನಡುವೆ ಹೊಸ ಮೂಳೆ ಬೆಳೆಯುತ್ತದೆ. ಅಕ್ಕನ ಮಗಳಿಗೆ ಮೈಸೂರಿನಲ್ಲಿ ಹೀಗೆ ಮಾಡಿಸಿದೆವು. ದಿನಕ್ಕೆ ಅರ್ಧ ಮಿಲಿಮೀಟರ್‌ನಂತೆ 15 ಮಿಲಿಮೀಟರ್‌ಗೆ 30 ದಿನ. ಹೊಸ ಮೂಳೆ ಗಟ್ಟಿಯಾಗಲು ಮತ್ತೆ ತಿಂಗಳುಗಳು. ಕಕ್ಕಡದ (ನಮ್ಮ ಕೊಡಗಿನ ಜೋರು ಮಳೆಯ ತಿಂಗಳು) ಮಳೆಯಲ್ಲಿ ಪಿನ್ನು ಒಣಗಿಸಿಡುವುದು ಹೇಗೆ? ಹಾಗಾಗಿ ಮಳೆ ನಿಂತ ಮೇಲೆ ಬರುವ ಸುಗ್ಗಿ ಹಬ್ಬ ಪುತ್ತರಿ ಮುಗಿಸಿ ಹೋದೆವು. ಪಿನ್ನಿನ ಬುಡ ಕೆಂಪಾಗಿ ಕೀವು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ, ಅಂದೇ ತೋರಿಸಿ.

ಅವಳ ಬೆರಳು ಈಗ ನೆಲ ಮುಟ್ಟುತ್ತದೆ, ಆದರೆ ಸರಿಯಾಗಿ ಮಡಚುವುದಿಲ್ಲ. ಕೀಲು ಬಿಗಿಯಾಗಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ಅವಳಿಗೆ ಬೇಸರವಿಲ್ಲ. ನಾನು ಪ್ಯಾಡಿನಲ್ಲೇ ಇದ್ದೇನೆ. ಮಳೆಗಾಲದಲ್ಲಿ ಅದರ ಅಂಟು ಬಿಡುತ್ತದೆ, ಜೊತೆಗೊಂದು ಹೆಚ್ಚಿಗೆ ಇಟ್ಟುಕೊಳ್ಳಿ.