ಬೆಲ್ಟಿನ ಮೇಲೆ ಕೌದಿ

ನಮ್ಮ ಮೊದಲ ಮಗಳು ಹುಟ್ಟಿದ್ದು 2018ರ ಅಕ್ಟೋಬರಿನಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಆಸ್ಪತ್ರೆಯಿಂದ ಮನೆಗೆ ಹೊರಡುವ ಮುಂಚೆ ನರ್ಸ್ ಬಂದು ಕಾರ್ ಸೀಟಿನ, ಅಂದರೆ ಕಾರಿನಲ್ಲಿ ಮಗುವನ್ನು ಕಟ್ಟಿ ಕೂರಿಸುವ ಪುಟ್ಟ ಸೀಟಿನ, ಬೆಲ್ಟ್ ಎಳೆದು ನೋಡಿದರು. ಸರಿ ಇದೆ ಅಂದರು. ಆ ದಿನ ಮಗುವಿನ ಮೈಮೇಲೆ ಇದ್ದದ್ದು ಒಂದು ತೆಳು ಹತ್ತಿ ಅಂಗಿ. ಚಳಿ ಇನ್ನೂ ಬಂದಿರಲಿಲ್ಲ.

ಡಿಸೆಂಬರ್ ಬಂತು. ಬಾಣಂತನಕ್ಕೆ ಧಾರವಾಡದಿಂದ ಅವ್ವ ಬಂದಿದ್ದಳು. ಹೊರಗೆ ಮೈನಸ್ 15 ಡಿಗ್ರಿ. "ಕೂಸಿಗೆ ಥಂಡಿ ಆಕ್ಕೈತಿ, ದಪ್ಪಂದ ಹಾಕವಾ" ಅಂತ ದಿನಾ ಹೇಳುತ್ತಿದ್ದಳು. ನನಗೂ ಅದೇ ಭಯ. ಅಂಗಡಿಗೆ ಹೋಗಿ ಮೈಕೈಕಾಲು ಎಲ್ಲ ಮುಚ್ಚುವ, ಉಬ್ಬಿದ ಕೋಟಿನಂಥ ಸ್ನೋಸೂಟ್ ತಂದೆ. ಅದನ್ನು ತೊಡಿಸಿ ಸೀಟಿನಲ್ಲಿ ಕೂರಿಸಿದರೆ ಬೆಲ್ಟೇ ಸಾಲುತ್ತಿರಲಿಲ್ಲ. ಪಟ್ಟಿಗಳನ್ನು ಉದ್ದ ಬಿಟ್ಟು, ಹೊಟ್ಟೆಯ ಮೇಲೆ ಸ್ವಲ್ಪ ಒತ್ತಿ, ಬಕಲ್ ಹಾಕಿದೆ. ಕ್ಲಿಕ್ ಅಂತ ಸದ್ದು ಬಂತು. ಬಿಗಿಯಾಗಿದೆ, ಬೆಚ್ಚಗಿದೆ, ಇನ್ನೇನು ಬೇಕು ಅಂದುಕೊಂಡೆ. ಎರಡು ವಾರ ಹೀಗೇ ಓಡಾಡಿದೆವು.

ಆಮೇಲೆ ಗೆಳತಿಯೊಬ್ಬಳು, ಸೀಟ್ ಕೂರಿಸಿದ್ದು ಸರಿ ಇದೆಯಾ ಅಂತ ಒಂದು ಸಲ ತೋರಿಸಿಕೊಂಡು ಬಾ ಅಂದಳು. ಈ ಕೆಲಸಕ್ಕೇ ತರಬೇತಿ ಪಡೆದು ಪ್ರಮಾಣಪತ್ರ ಪಡೆದವರು ಇಲ್ಲಿದ್ದಾರೆ. ಕೆಲವು ಊರುಗಳ ಅಗ್ನಿಶಾಮಕ ಠಾಣೆಗಳಲ್ಲೂ ಸಿಗುತ್ತಾರೆ. ಮೊದಲೇ ಸಮಯ ಕೇಳಿಕೊಂಡು ಅಂಥ ಒಂದು ಠಾಣೆಗೆ ಹೋದೆವು. ದುಡ್ಡು ತೆಗೆದುಕೊಳ್ಳಲಿಲ್ಲ.

ಅಲ್ಲಿದ್ದ ಹೆಂಗಸು ಬೈಯಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಸ್ನೋಸೂಟಿನಲ್ಲೇ ಮಗುವನ್ನು ಕೂರಿಸಿ, ನೀವು ದಿನಾ ಎಷ್ಟು ಬಿಗಿ ಮಾಡುತ್ತೀರೋ ಅಷ್ಟು ಮಾಡಿ ಅಂದರು. ಮಾಡಿದೆ. ಬಕಲ್ ಬಿಚ್ಚಿ, ಮಗುವನ್ನು ಎತ್ತಿ, ಸ್ನೋಸೂಟ್ ತೆಗೆಸಿದರು. ಪಟ್ಟಿಯ ಉದ್ದ ಒಂದಿಷ್ಟೂ ಬದಲಿಸದೆ ಮತ್ತೆ ಕೂರಿಸಿ ಬಕಲ್ ಹಾಕಿದರು. "ಈಗ ಕೈ ಹಾಕಿ ನೋಡಿ" ಅಂದರು. ಮಗಳ ಎದೆಗೂ ಬೆಲ್ಟಿಗೂ ನಡುವೆ ನನ್ನ ನಾಲ್ಕು ಬೆರಳು ಆರಾಮಾಗಿ ಒಳಗೆ ಹೋದವು. ಭುಜದ ಮೇಲಿನ ಪಟ್ಟಿ ತಾನಾಗೇ ತೋಳಿಗೆ ಜಾರಿತು.

ಅವ್ವ ಪಕ್ಕದಲ್ಲೇ ನಿಂತಿದ್ದಳು. "ಅಷ್ಟ ಸಡಿಲ ಇತ್ತೇನ?" ಅಂದವಳು ಮಗುವಿನ ಕಾಲು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಳು. ಆ ನಾಲ್ಕು ಬೆರಳಿನ ಸಂದಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಆಗುವುದು ಇಷ್ಟೇ. ದಪ್ಪ ಕೋಟಿನೊಳಗೆ ಇರುವುದು ಬಹುಪಾಲು ಗಾಳಿ. ಕಾರು ಗುದ್ದಿ ನಿಂತಾಗ ಮಗುವಿನ ಮೈ ಕಾರಿನ ಅದೇ ವೇಗದಲ್ಲಿ ಮುಂದೆ ನುಗ್ಗುತ್ತದೆ. ಆ ಕ್ಷಣದಲ್ಲಿ ಗಾಳಿಯೆಲ್ಲ ಹಿಂಡಿ ಹೋಗಿ ಕೋಟು ಚಪ್ಪಟೆಯಾಗುತ್ತದೆ. ಕೋಟು ತುಂಬಿಕೊಂಡಿದ್ದ ಜಾಗವೆಲ್ಲ ಸಡಿಲವಾಗಿ ಉಳಿಯುತ್ತದೆ. ಮಗು ಮುಂದಕ್ಕೆ ಜಾಸ್ತಿ ದೂರ ಎಸೆಯಲ್ಪಡಬಹುದು, ಭುಜ ಹೊರಗೆ ಬರಬಹುದು, ಸೀಟಿನಿಂದಲೇ ಹೊರಗೆ ಹಾರಬಹುದು. ಇಲ್ಲಿ ಸೀಟುಗಳನ್ನು ಪರೀಕ್ಷೆ ಮಾಡುವುದು ಗಂಟೆಗೆ 48 ಕಿಲೋಮೀಟರ್ ವೇಗದ ಡಿಕ್ಕಿಗೆ. ಊರೊಳಗೆ ಓಡಾಡುವ ವೇಗವೇ ಅದು. ಹಿಮ ಬಿದ್ದ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದೇ ಕಷ್ಟ, ಅಂದರೆ ಬೆಲ್ಟ್ ಜಾಸ್ತಿ ಬೇಕಾಗುವುದೂ ಇದೇ ಕಾಲದಲ್ಲಿ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ. ಬೆಲ್ಟಿನ ಕೆಳಗೆ ತೆಳು, ಬೆಲ್ಟಿನ ಮೇಲೆ ಬೆಚ್ಚಗೆ.

ಕೆಳಗೆ ಅಂದರೆ ಮೈಗೆ ಅಂಟಿಕೊಂಡು ಕೂರುವ ಬಟ್ಟೆ. ಮೊದಲು ಹತ್ತಿಯ ಒಳ ಅಂಗಿ, ಅದರ ಮೇಲೆ ಥರ್ಮಲ್, ಅಂದರೆ ಮೈಗಂಟುವ ಬೆಚ್ಚನೆಯ ಒಳ ಉಡುಪು, ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆಯ ಬೆಚ್ಚಗಿನ ಬಟ್ಟೆಯ ತೆಳು ಅಂಗಿ. ಕಾಲಿಗೆ ಥರ್ಮಲ್ ಮತ್ತು ಫ್ಲೀಸ್ ಪ್ಯಾಂಟ್, ಉಣ್ಣೆ ಕಾಲುಚೀಲ. ಪುಟ್ಟ ಮಗುವಿನ ಕೈಗವಸು ಐದು ನಿಮಿಷ ನಿಲ್ಲುವುದಿಲ್ಲ. ಅದಕ್ಕೆ ದೊಡ್ಡ ಮಗುವಿನ ಉಣ್ಣೆ ಕಾಲುಚೀಲವನ್ನೇ ಕೈಗೆ ಹಾಕಿ, ಮೊಣಕೈವರೆಗೆ ಎಳೆದುಬಿಡುತ್ತೇನೆ. ತಲೆಗೆ ಅವ್ವ ಹೆಣೆದ ತೆಳು ಕುಲಾಯಿ. ಹಿಂದೆ ದಪ್ಪ ಇರುವ ಟೋಪಿ ಬೇಡ, ತಲೆಯನ್ನು ಮುಂದಕ್ಕೆ ದೂಡುತ್ತದೆ.

ಬಟ್ಟೆ ಹಾಕಿದ ಮೇಲೆ ಪ್ರತಿ ಸಲ ಒಂದು ಪರೀಕ್ಷೆ ಮಾಡುತ್ತೇನೆ. ಬೆಲ್ಟ್ ಬಿಗಿ ಮಾಡಿ, ಕತ್ತಿನ ಕೆಳಗಿನ ಮೂಳೆಯ ಹತ್ತಿರ ಪಟ್ಟಿಯನ್ನು ಹೆಬ್ಬೆರಳು, ತೋರುಬೆರಳಲ್ಲಿ ಉದ್ದುದ್ದಕ್ಕೆ ಚಿವುಟುತ್ತೇನೆ. ಪಟ್ಟಿ ಮಡಿಕೆಯಾಗಿ ಕೈಗೆ ಸಿಕ್ಕರೆ ಇನ್ನೂ ಸಡಿಲ ಅಂತ ಅರ್ಥ. ಬೆರಳು ಜಾರಿಹೋದರೆ ಸರಿ. ಎದೆಯ ಮೇಲಿನ ಕ್ಲಿಪ್ ಕಂಕುಳಿನ ಮಟ್ಟಕ್ಕೆ ಇರಬೇಕು. ಹೊಟ್ಟೆಯ ಮೇಲೆ ಇಳಿದಿರುವುದನ್ನು ನಾನು ಎಷ್ಟೋ ಕಾರುಗಳಲ್ಲಿ ನೋಡಿದ್ದೇನೆ. ಕಾರಿನ ಹಿಂಬದಿಗೆ ಮುಖ ಮಾಡಿದ ಸೀಟಿನಲ್ಲಿ ಪಟ್ಟಿ ಹೊರಬರುವ ತೂತು ಮಗುವಿನ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಮುಂದಕ್ಕೆ ಮುಖ ಮಾಡಿದ್ದರಲ್ಲಿ ಭುಜದ ಮಟ್ಟ ಅಥವಾ ಅದಕ್ಕಿಂತ ಮೇಲೆ. ಮಕ್ಕಳು ಬೇಗ ಬೆಳೆಯುತ್ತಾರೆ, ಅದಕ್ಕೆ ಚಳಿಗಾಲ ಶುರುವಾದಾಗ ಒಂದು ಸಲ, ಮುಗಿಯುವಾಗ ಒಂದು ಸಲ ಇದನ್ನು ನೋಡುತ್ತೇನೆ.

ಇನ್ನು ಬೆಲ್ಟಿನ ಮೇಲೆ. ಅವ್ವ ಬರುವಾಗ ಒಂದು ಕೌದಿ ತಂದಿದ್ದಳು. ತನ್ನ ಹಳೆಯ ಇಳಕಲ್ ಸೀರೆ, ನನ್ನ ಶಾಲೆಯ ದಿನಗಳ ಲಂಗ, ಎಲ್ಲ ಸೇರಿಸಿ ಹೊಲಿದದ್ದು. ಮೊದಲು ಅದನ್ನು ಮಡಚಿ ಮಗುವಿನ ಬೆನ್ನಿನ ಹಿಂದೆ ಹಾಸಿದಳು, ಮೆತ್ತಗಿರಲಿ ಅಂತ. ಅದೂ ಕೋಟಿನಷ್ಟೇ ತಪ್ಪು. ಬೆನ್ನಿಗೂ ಸೀಟಿಗೂ ನಡುವೆ ಏನೂ ಇರಬಾರದು, ಸೀಟಿನ ಜೊತೆ ಬಂದದ್ದನ್ನು ಬಿಟ್ಟು. ಠಾಣೆಯಿಂದ ಬಂದ ಮೇಲೆ ಕೌದಿಗೆ ಸರಿಯಾದ ಜಾಗ ಸಿಕ್ಕಿತು. ಬೆಲ್ಟ್ ಹಾಕಿ, ಚಿವುಟಿ ನೋಡಿ, ಆಮೇಲೆ ಎದೆಯ ತನಕ ಕೌದಿ ಹೊದಿಸಿ ಎರಡೂ ಬದಿಗೆ ಸಿಕ್ಕಿಸುವುದು. ಗಾಳಿ ಒಳಗೆ ನುಗ್ಗುವುದಿಲ್ಲ, ಕಾರು ಬಿಸಿಯಾದರೆ ಒಂದೇ ಕೈಯಲ್ಲಿ ಎಳೆದು ತೆಗೆಯಬಹುದು.

ಮಾರುಕಟ್ಟೆಯಲ್ಲಿ ಸೀಟಿನೊಳಗೆ ಹಾಸುವ ದಪ್ಪ ಚೀಲಗಳು ಸಿಗುತ್ತವೆ, ಮಗುವನ್ನು ಅದರೊಳಗೆ ತೂರಿಸಿ ಬೆಲ್ಟನ್ನು ಅದರ ತೂತಿನಿಂದ ಎಳೆಯುವಂಥವು. ನೋಡಲು ಬಹಳ ಚೆನ್ನಾಗಿರುತ್ತವೆ. ನಾನು ಕೊಳ್ಳಲಿಲ್ಲ. ಮಗುವಿನ ಕೆಳಗೆ ಹೋಗುವ ಯಾವುದೂ ನನಗೆ ಬೇಡ. ಮಗು ಸಮೇತ ಹಿಡಿಕೆ ಹಿಡಿದು ಎತ್ತಿ ಒಯ್ಯುವ ಬಕೆಟ್ ಸೀಟಿನ ಅಂಚಿಗೆ ಎಲಾಸ್ಟಿಕ್‌ನಲ್ಲಿ ಕೂರುವ, ಮೇಲಿಂದ ಮಾತ್ರ ಮುಚ್ಚುವ ಹೊದಿಕೆ ಒಳ್ಳೆಯದು. ಅದರಲ್ಲೂ ಮುಖದ ಭಾಗ ತೆರೆದೇ ಇರಬೇಕು.

2019ರ ಜನವರಿ 30ರಂದು ಇಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಶಾಲೆಗಳಿಗೆ ರಜೆ, ಆ ದಿನ ಅಂಚೆಯವರೂ ಬರಲಿಲ್ಲ. ಅಂಥ ದಿನ ಮಗುವನ್ನು ಕರೆದುಕೊಂಡು ಹೊರಗೆ ಹೋಗಲೇಬಾರದು, ನಾವೂ ಹೋಗಲಿಲ್ಲ. ಆದರೆ ಮೈನಸ್ 20ರಲ್ಲಿ ಡಾಕ್ಟರ ಹತ್ತಿರ ಹೋಗಲೇಬೇಕಾಗುತ್ತದೆ, ದಿನಸಿ ತರಲೇಬೇಕಾಗುತ್ತದೆ. ಅಂಥ ದಿನಗಳಿಗೆ ಬಕೆಟ್ ಸೀಟನ್ನು ರಾತ್ರಿ ಮನೆಯೊಳಗೇ ಇಡುತ್ತೇನೆ. ಕಾರಿನಲ್ಲೇ ಬಿಟ್ಟರೆ ಪ್ಲಾಸ್ಟಿಕ್, ಬಕಲ್ಲು, ಎಲ್ಲ ಮಂಜುಗಡ್ಡೆ. ಒಳಗೇ ಬೆಲ್ಟ್ ಹಾಕಿ, ಕೌದಿ ಹೊದಿಸಿ, ನೇರವಾಗಿ ಕಾರಿಗೆ ಒಯ್ದು ಕೂರಿಸುವುದು. ವಾಪಸ್ ಬಂದ ಮೇಲೆ ಮಗು ನಿದ್ದೆ ಮಾಡುತ್ತಿದ್ದರೂ ಎತ್ತಿ ತೊಟ್ಟಿಲಿಗೆ ಹಾಕುತ್ತೇನೆ. "ಮಲಗೈತಿ, ಎಬ್ಬಸಬ್ಯಾಡ" ಅಂತ ಅವ್ವ ಬೇಡಿಕೊಂಡರೂ ಕೇಳುವುದಿಲ್ಲ. ಸೀಟಿನಲ್ಲಿ ಗದ್ದ ಎದೆಗೆ ಬಿದ್ದರೆ ಪುಟ್ಟ ಕೂಸಿಗೆ ಉಸಿರಾಟಕ್ಕೆ ತೊಂದರೆ.

ಕಾರನ್ನು ಹತ್ತು ನಿಮಿಷ ಮುಂಚೆ ಬಿಸಿ ಮಾಡುವುದು ಇಲ್ಲಿ ಎಲ್ಲರ ರೂಢಿ. ಅದರಲ್ಲೂ ನಾವು ಒಂದು ತಪ್ಪು ಮಾಡಿದೆವು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲೇ ಶಟರ್ ಅರ್ಧ ಎತ್ತಿ ನಮ್ಮವರು ಇಂಜಿನ್ ಚಾಲು ಮಾಡಿ ಒಳಗೆ ಬಂದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಪಕ್ಕದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಿರುಚತೊಡಗಿತು. ಮಗುವನ್ನು ಕೌದಿಯಲ್ಲಿ ಸುತ್ತಿಕೊಂಡು ಹೊರಗೆ ಓಡಿದೆವು. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಲಾರಂ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಈಗ ಕಾರನ್ನು ಪೂರ್ತಿ ಹೊರಗೆ ತೆಗೆದು, ಸೈಲೆನ್ಸರ್ ಪೈಪಿನ ಬಾಯಿಗೆ ಹಿಮ ಕಟ್ಟಿದೆಯಾ ನೋಡಿ, ಆಮೇಲೇ ಚಾಲು ಮಾಡುತ್ತೇವೆ.

ಮಗ ಹುಟ್ಟಿದ್ದು 2023ರ ನವೆಂಬರಿನಲ್ಲಿ. ಆಗ ಮಗಳಿಗೆ ಐದು. ಚಳಿಯಲ್ಲಿ ಎರಡು ಮಕ್ಕಳನ್ನು ಕಾರಿಗೆ ಹತ್ತಿಸುವುದು ಬೇರೆಯೇ ಕೆಲಸ. ಮೊದಮೊದಲು ಬಾಗಿಲು ತೆರೆದಿಟ್ಟು, ಹೊರಗೆ ನಿಂತು, ಬಗ್ಗಿ ಬೆಲ್ಟ್ ಹಾಕುತ್ತಿದ್ದೆ. ನನ್ನ ಬೆರಳು ಮರಗಟ್ಟುತ್ತಿದ್ದವು, ಅವಸರದಲ್ಲಿ ಪಟ್ಟಿ ತಿರುಚಿಕೊಂಡೇ ಉಳಿಯುತ್ತಿತ್ತು. ಈಗ ನಾನೂ ಹಿಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಳ್ಳುತ್ತೇನೆ. ಒಳಗೆ ಗಾಳಿ ಇಲ್ಲ, ಅವಸರ ಇಲ್ಲ. ಇದೊಂದು ಬದಲಾವಣೆಯಿಂದ ಅರ್ಧ ಕಷ್ಟ ಕಳೆಯಿತು, ನಿಜವಾಗಿ.

ಮಗಳು ಕೋಟ್ ಹಾಕಿಕೊಂಡೇ ಕಾರಿನ ತನಕ ಬರುತ್ತಾಳೆ. ಒಳಗೆ ಬಂದು ಕೋಟ್ ಬಿಚ್ಚುತ್ತಾಳೆ, ನಾನು ಬೆಲ್ಟ್ ಹಾಕುತ್ತೇನೆ, ಆಮೇಲೆ ಅದೇ ಕೋಟನ್ನು ಹಿಂದುಮುಂದಾಗಿ, ಎದುರಿನಿಂದ ತೋಳು ತೂರಿಸಿ ಹಾಕಿಕೊಳ್ಳುತ್ತಾಳೆ. ಎರಡನೇ ಸಲ ಬಂದಾಗ ಅವ್ವ ಇದನ್ನು ನಾಲ್ಕು ದಿನ ನೋಡಿದಳು. ಐದನೇ ದಿನ, "ಇದಕ ಕುಂಚಿಗಿ ಹೊಲದರ ಆತಲ್ಲ" ಅಂದಳು. ನಮ್ಮ ಕಡೆ ಕೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಬಿಡುವ ಕುಂಚಿಗಿ ನಿಮಗೆ ಗೊತ್ತಿರಬಹುದು. ಎರಡು ಗಜ ಫ್ಲೀಸ್ ತಂದುಕೊಟ್ಟೆ. ನಡುವೆ ತಲೆ ತೂರುವಷ್ಟು ಕತ್ತರಿಸಿ, ಅಂಚು ಹೊಲಿದು, ಮೇಲೊಂದು ಟೋಪಿ ಇಟ್ಟಳು. ಕೂತ ಮೇಲೆ ಹಿಂದಿನ ಭಾಗವನ್ನು ಎತ್ತಿ ಸೀಟಿನ ಬೆನ್ನಿನ ಮೇಲೆ ಹಾಕುವುದು, ಮುಂದಿನ ಭಾಗ ಬೆಲ್ಟಿನ ಮೇಲೆ ಬರುವುದು. ಬೆನ್ನಿನ ಹಿಂದೆ ಏನೂ ಉಳಿಯುವುದಿಲ್ಲ. ಅಂಗಡಿಯಲ್ಲಿ ಪೊಂಚೊ ಅಂತ ಮಾರುವುದೂ ಇದೇ ಮಾದರಿ.

ಸಂಕ್ರಾಂತಿಗೆ ಮೇಪಲ್ ಗ್ರೋವ್‌ನ ದೇವಸ್ಥಾನಕ್ಕೆ ಹೋಗುವಾಗ ರೇಷ್ಮೆ ಲಂಗದ ಒಳಗೆ ಥರ್ಮಲ್, ಮೇಲೆ ಈ ಕುಂಚಿಗಿ. ರೇಷ್ಮೆ ತೆಳು, ಬೆಲ್ಟಿಗೆ ಅಡ್ಡಿಯಿಲ್ಲ.

ಮಗ ಈಗಲೂ ಹಿಂದಕ್ಕೆ ಮುಖ ಮಾಡಿಯೇ ಕೂರುತ್ತಾನೆ. "ಕಾಲ ಮಡಚಿ ಕುಂತೈತಿ, ಪಾಪ" ಅಂತ ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಮರುಗುತ್ತಾರೆ. ಕಾಲು ಮಡಚಿಕೊಂಡರೆ ಏನೂ ಆಗುವುದಿಲ್ಲ. ಪುಟ್ಟ ಮಕ್ಕಳಿಗೆ ಮೈಯ ಅಳತೆಗೆ ತಲೆ ಭಾರ, ಕತ್ತು ಎಳಸು. ಹಿಂದಕ್ಕೆ ಮುಖ ಇದ್ದರೆ ಎದುರಿನ ಡಿಕ್ಕಿಯ ಹೊಡೆತವನ್ನು ಸೀಟಿನ ಬೆನ್ನು ಇಡೀ ಮೈಗೆ ಹಂಚುತ್ತದೆ, ಕತ್ತು ಒಂದೇ ಜಗ್ಗುವುದಿಲ್ಲ. ನಾವಿರುವ ಮಿನ್ನೆಸೋಟ ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ ಎರಡು ವರ್ಷದ ತನಕ ಹೀಗೆ ಕೂರಿಸುವುದು ಕಾನೂನೇ ಆಗಿದೆ. ಮಕ್ಕಳ ವೈದ್ಯರು ಹೇಳುವುದು, ಎರಡಾದ ಮೇಲೂ ಆ ಸೀಟಿನ ಎತ್ತರ, ತೂಕದ ಮಿತಿ ಮುಗಿಯುವ ತನಕ ಹಾಗೇ ಇರಲಿ ಅಂತ. ಭಾರತದಲ್ಲೂ 2019ರ ತಿದ್ದುಪಡಿಯ ಮೇಲೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದಿದ್ದರೆ 1000 ರೂಪಾಯಿ ದಂಡ ಇದೆ. ಊರಿಗೆ ಹೋದಾಗ ತೊಡೆಯ ಮೇಲೆ ಕೂರಿಸಿಕೊಳ್ಳಿ ಅನ್ನುವವರಿಗೆ ನಾನು ಇದನ್ನೂ ಹೇಳುತ್ತೇನೆ.

ಹೊಸದಾಗಿ ಇಲ್ಲಿಗೆ ಬರುವವರಿಗೆ ಒಂದು ಮಾತು. ಊರಿನಿಂದ ಸೀಟ್ ಹೊತ್ತು ತರಬೇಡಿ. ಅಮೆರಿಕದ ಸುರಕ್ಷತಾ ನಿಯಮಕ್ಕೆ ಹೊಂದುತ್ತದೆ ಅನ್ನುವ ಲೇಬಲ್ ಇಲ್ಲದ ಸೀಟನ್ನು ಇಲ್ಲಿ ಬಳಸುವಂತಿಲ್ಲ. ಯಾರೋ ಕೊಟ್ಟ ಹಳೆಯ ಸೀಟಾದರೆ ಅಪಘಾತ ಆಗಿತ್ತಾ ಕೇಳಿ, ಅದರ ಮೇಲೆ ಬರೆದ ಅವಧಿ ಮುಗಿದಿದೆಯಾ ನೋಡಿ.

ಮಕ್ಕಳಿಗೆ ಸೆಕೆ ಆಗುವುದನ್ನೂ ಗಮನಿಸಿ. ಹೀಟರ್ ಹಾಕಿದ ಅರ್ಧ ಗಂಟೆಗೆ ಮಗನ ಕತ್ತಿನ ಹಿಂದೆ ಬೆವರು ಇಳಿದದ್ದಿದೆ. ಕೈಕಾಲು ತಣ್ಣಗಿರುವುದು ಸಹಜ, ನಾನು ಮುಟ್ಟಿ ನೋಡುವುದು ಕತ್ತಿನ ಹಿಂಭಾಗವನ್ನು. ಒದ್ದೆ ಇದ್ದರೆ ಮೊದಲು ಹೊದಿಕೆ, ಆಮೇಲೆ ಕುಲಾಯಿ ತೆಗೆಯುವುದು.

ಕೋಟ್ ಹಾಕಬೇಡಿ ಅಂದರೆ ಮನೆಯಲ್ಲಿ ಬಿಟ್ಟು ಬನ್ನಿ ಅಂತಲ್ಲ, ಇದನ್ನು ದಯವಿಟ್ಟು ಸರಿಯಾಗಿ ತಿಳಿದುಕೊಳ್ಳಿ. ಹೋದ ವರ್ಷ ಹಿಮ ಸುರಿಯುವಾಗ ಹೆದ್ದಾರಿಯಲ್ಲಿ ಎರಡು ತಾಸು ಸಿಕ್ಕಿಕೊಂಡೆವು. ಕೋಟು, ಬೂಟು, ಎರಡು ಕಂಬಳಿ, ಚಕ್ಕುಲಿ ಡಬ್ಬಿ, ಟಾರ್ಚ್, ಹಿಮ ತೆಗೆಯುವ ಸಲಿಕೆ ಕಾರಿನಲ್ಲೇ ಇದ್ದವು. ಇಂಜಿನ್ ಪೂರ್ತಿ ಓಡಿಸದೆ, ಗಂಟೆಗೆ ಹತ್ತು ನಿಮಿಷ ಹೀಟರ್ ಹಾಕಿ, ಕಿಟಕಿ ಒಂದು ಬೆರಳಷ್ಟು ಇಳಿಸಿ ಕಾದೆವು. ನಮ್ಮವರು ನಡುನಡುವೆ ಇಳಿದು ಪೈಪಿನ ಬಾಯಿಯ ಹಿಮ ಕೆರೆದು ಬಂದರು. ಗಾಡಿ ನಿಂತೇ ಇದ್ದದ್ದರಿಂದ ಆ ಹೊತ್ತಿನಲ್ಲಿ ಮಕ್ಕಳಿಗೆ ಕೋಟ್ ಹಾಕಿಸಿದೆ. ಮತ್ತೆ ಹೊರಡುವ ಮುಂಚೆ ಬಿಚ್ಚಿಸಿ, ಬೆಲ್ಟ್ ಚಿವುಟಿ ನೋಡಿದೆ.

ಅವ್ವ ಈಗ ಧಾರವಾಡದಲ್ಲಿ ಮಗನಿಗೆ ಇನ್ನೊಂದು ಕೌದಿ ಹೊಲಿಯುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿ ಅಳತೆ ಕೇಳಿದಳು. ಎರಡೂವರೆ ಅಡಿ ಸಾಕು, ಕಾಲು ಮುಚ್ಚಿ ಎದೆಯ ಕ್ಲಿಪ್‌ನ ತನಕ ಬರಲಿ, ಅದಕ್ಕಿಂತ ಮೇಲೆ ಬೇಡ ಅಂದೆ. "ಗೊತ್ತೈತಿ ಬಿಡು, ಬೆಲ್ಟಿನ ಮ್ಯಾಲೆ ಹಾಕೂದು" ಅಂದಳು.