ಅತ್ತಿಗೆಯ ಉಂಗುರ ಹುಡುಕಲು ಎಷ್ಟು ಇಂಚಿನ ಕಾಯಿಲ್?

ಕಾಯಿಲ್ (ನೆಲದ ಮೇಲೆ ಆಡಿಸುವ ದುಂಡು ತಟ್ಟೆ) ದೊಡ್ಡದಾದಷ್ಟೂ ಒಳ್ಳೇದು ಅಂದುಕೊಂಡು ನನ್ನ ಮೆಟಲ್ ಡಿಟೆಕ್ಟರ್‌ಗೆ 15 ಇಂಚಿನದನ್ನು ತಂದಿದ್ದೆ. ಎಳ್ಳಮಾವಾಸ್ಯೆ ದಿನ ಚಿತ್ತಾಪುರ ಕಡೆಯ ನಮ್ಮ ಹೊಲದಲ್ಲಿ ಚರಗ ಚೆಲ್ಲುವಾಗ ಅತ್ತಿಗೆಯ ಉಂಗುರ ಜಾರಿ ಬಿತ್ತು. ತೊಗರಿ ಕೊಯ್ದ ಮೇಲೆ ಹುಡುಕಲು ಹೋದೆ. ಕೂಳೆ ಅಡ್ಡ ಬಂದು ಕಾಯಿಲ್ ನೆಲಕ್ಕೆ ಇಳಿಯಲೇ ಇಲ್ಲ, ಗೇಣೆತ್ತರದಲ್ಲೇ ಆಡಿತು. ಎತ್ತಿನ ಲಾಳದ ಮೊಳೆ, ತಂತಿ ತುಂಡು, ಬಾಟಲಿ ಮುಚ್ಚಳ ಎಲ್ಲದರ ಸದ್ದೂ ಕಲಸಿಹೋಯಿತು.

ಮರುದಿನ 6 ಇಂಚಿನದು ಹಾಕಿದೆ. ಅದು ಸಾಲಿನ ನಡುವೆ ಹೋಗುತ್ತದೆ, ಮೊಳೆಯ ಪಕ್ಕದ ಉಂಗುರವನ್ನು ಬೇರೆಯಾಗಿ ಹೇಳುತ್ತದೆ. ಸಣ್ಣ ವಸ್ತುವಿಗೆ ಸಣ್ಣ ಕಾಯಿಲೇ ಚುರುಕು. ಆಳ ಕಡಿಮೆ, ನಿಜ. ಆದರೆ ಮೊನ್ನೆ ಬಿದ್ದ ಉಂಗುರ ಎಷ್ಟು ಆಳಕ್ಕೆ ಹೋದೀತು? ಎರಡು ಬೆರಳು ಮಣ್ಣಿನಡಿ ಸಿಕ್ಕಿತು.

ಕಷ್ಟ ಏನಂದ್ರೆ ಜಾಸ್ತಿ ಹೊತ್ತು ಬೇಕು. ಒಂದು ಸಲ ಆಡಿಸಿದ ಜಾಗದ ಅರ್ಧ ಮತ್ತೆ ಸೇರುವಂತೆ ಆಡಿಸಬೇಕು. ಅದಕ್ಕೇ ಮೊದಲು ಅತ್ತಿಗೆ ಎಲ್ಲಿ ನಿಂತಿದ್ದರು ಅಂತ ಕೇಳಿ, ಹಗ್ಗ ಕಟ್ಟಿ ಜಾಗ ಕಿರಿದು ಮಾಡಿಕೊಂಡೆ.

ಕುಂಟಿಯ ಕುಡ, ಹೂತುಹೋದ ಕಬ್ಬಿಣದ ಪೈಪು ಹುಡುಕುವುದಾದರೆ 15 ಇಂಚೇ ಬೇಕು. ತೋಳು ನೋಯುತ್ತದೆ ಅಷ್ಟೇ. ಒಂದೇ ಕೊಳ್ಳುವುದಾದರೆ 11 ಇಂಚಿನ ಡಿಡಿ (ಒಳಗೆ D ಆಕಾರದ ಎರಡು ಸುರುಳಿ ಇರುವ ಕಾಯಿಲ್) ಸಾಕು. ಕಾಯಿಲ್ ನಿಮ್ಮ ಮಾಡೆಲ್‌ಗೆ ಹೊಂದುತ್ತದಾ ನೋಡಿಕೊಳ್ಳಿ.

ಮಣ್ಣನ್ನೂ ಮರೆಯಬೇಡಿ. ನಮ್ಮ ಎರೆ ಮಣ್ಣಿನಲ್ಲೂ ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದಲ್ಲೂ ಕಬ್ಬಿಣದ ಅಂಶ ಇದೆ. ಕಾಯಿಲ್ ದೊಡ್ಡದಾದಷ್ಟೂ ಅಷ್ಟು ಮಣ್ಣನ್ನು ಒಟ್ಟಿಗೆ ನೋಡುತ್ತದೆ, ಸುಮ್ನೆ ಚಿಟಿಪಿಟಿ ಅನ್ನುತ್ತದೆ. ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದ್ರೆ ಬರೀ ಮಣ್ಣಿಗೆ ಸದ್ದು ಮಾಡದಂತೆ ಡಿಟೆಕ್ಟರನ್ನು ಹೊಂದಿಸಿ. ಆಮೇಲೂ ಗಲಾಟೆ ಮಾಡಿದರೆ ಸೆನ್ಸಿಟಿವಿಟಿ ಇಳಿಸಿ. ಅದಕ್ಕೂ ಬಗ್ಗದಿದ್ದರೆ ಸಣ್ಣದು ಹಾಕಿ.

ಹೊಲದಲ್ಲಿ ನನ್ನನ್ನು ಕಂಡವರೆಲ್ಲ 'ನಿಧಿ ಸಿಕ್ತಾ?' ಅಂತ ಕೇಳ್ತಾರೆ. ಸನ್ನತಿಯ ಬೌದ್ಧ ನೆಲೆ, ಬೀದರ್ ಕೋಟೆಯಂಥ ಸಂರಕ್ಷಿತ ಜಾಗಕ್ಕೆ ಇದನ್ನು ಹಿಡಿದು ಹೋಗಲೇಬೇಡಿ. ಸ್ವಂತ ಹೊಲದಲ್ಲೇ ನಿಧಿ ಸಿಕ್ಕರೂ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅತ್ತಿಗೆಯ ಉಂಗುರ ಆ ಲೆಕ್ಕಕ್ಕೆ ಬರಲ್ಲ ಬಿಡಿ.