ಪ್ರಯೋಗ ಬಟ್ಟಲಲ್ಲಿ, ಊಟ ಪಾತ್ರೆಯಲ್ಲಿ: ಮನೆಯ ಅಡುಗೆಯಲ್ಲಿ ನಾನು ರುಚಿ ತಿದ್ದುವ ಕ್ರಮ

ಮನೆಮಂದಿಯೆಲ್ಲ ಉಣ್ಣುವ ರಾತ್ರಿಯ ಅಡುಗೆಯಲ್ಲಿ ಹೊಸ ಮಸಾಲೆ ಹಾಕಿ ನೋಡುವಾಗ ನಾನು ಬಿಡದೆ ಪಾಲಿಸುವುದು ಒಂದನ್ನೇ: ಪ್ರಯೋಗ ಏನಿದ್ದರೂ ಬಟ್ಟಲಲ್ಲಿ. ಪಾತ್ರೆಗೆ ಬಿದ್ದದ್ದನ್ನು ಹೊರಗೆ ತೆಗೆಯಲು ಬರುವುದಿಲ್ಲ. ಬಟ್ಟಲು ಕೆಟ್ಟರೆ ನೂರು ಗ್ರಾಂ ಕೆಟ್ಟಿತು, ಅಷ್ಟೇ.

ತರಕಾರಿಯೋ ಕಾಳೋ ಮಾಂಸವೋ ಪೂರ್ತಿ ಬೆಂದು, ಕೊನೆಯ ಉಪ್ಪು ಹುಳಿ ಇನ್ನೂ ಬೀಳದ ಹೊತ್ತಿಗೆ ನಾಲ್ಕು ಚಿಕ್ಕ ಬಟ್ಟಲಿಗೆ ತಲಾ 100 ಗ್ರಾಂ ತೆಗೆದಿಡುತ್ತೇನೆ. ಒಂದು ಹಾಗೇ ಇರುತ್ತದೆ. ಇನ್ನೊಂದಕ್ಕೆ ಉಪ್ಪು ಮಾತ್ರ, ಮತ್ತೊಂದಕ್ಕೆ ಹುಳಿ ಮಾತ್ರ, ಕೊನೆಯದಕ್ಕೆ ಅಂದು ನೋಡಬೇಕೆಂದಿರುವ ಮಸಾಲೆ ಮಾತ್ರ. ಏನೂ ಹಾಕದ ಬಟ್ಟಲನ್ನು ದಂಡ ಎಂದುಕೊಳ್ಳಬೇಡಿ. ಹೋಲಿಸಲು ಅದಿಲ್ಲದಿದ್ದರೆ ಎರಡನೇ ಚಮಚದ ಹೊತ್ತಿಗೇ ಮೊದಲಿನ ರುಚಿ ಹೇಗಿತ್ತು ಅನ್ನುವುದು ಮರೆತುಹೋಗಿರುತ್ತದೆ. ಒಂದೇ ಬಟ್ಟಲಿಗೆ ಎರಡು ಬದಲಾವಣೆ ಮಾಡಿದರೆ ಕೆಲಸ ಮಾಡಿದ್ದು ಯಾವುದು ಎಂದು ಗೊತ್ತಾಗುವುದಿಲ್ಲ, ಮುಂದಿನ ವಾರ ಅದನ್ನೇ ಮತ್ತೆ ಮಾಡಲೂ ಆಗುವುದಿಲ್ಲ. ಕುದಿಯುವ ಬಿಸಿಯಲ್ಲಿ ರುಚಿ ನೋಡಿದರೆ ನಾಲಿಗೆ ಸುಡುತ್ತದೆಯೇ ಹೊರತು ಉಪ್ಪಿನ ಹದ ತಿಳಿಯದು. ಉಣ್ಣುವಾಗ ಎಷ್ಟು ಬಿಸಿ ಇರುತ್ತದೋ ಅಷ್ಟಕ್ಕೆ ಆರಲಿ. ಖಾರದ ಬಟ್ಟಲನ್ನು ಕೊನೆಗೆ ನೋಡಬೇಕು. ಮೆಣಸಿನಕಾಯಿಯ ಉರಿ ಒಮ್ಮೆ ನಾಲಿಗೆಗೆ ಹತ್ತಿದರೆ ಉಳಿದ ರುಚಿಗಳೆಲ್ಲ ಮಂಕಾಗುತ್ತವೆ.

ನೂರು ಗ್ರಾಂ ಪದಾರ್ಥಕ್ಕೆ ಕಾಲು ಗ್ರಾಂ ಉಪ್ಪು ತೂಗುವುದು ಮನೆಯ ತಕ್ಕಡಿಯ ಕೈಲಾಗುವ ಕೆಲಸವಲ್ಲ. ಅದಕ್ಕೆ 90 ಮಿಲಿ ನೀರಿಗೆ 10 ಗ್ರಾಂ ಉಪ್ಪು ಕರಗಿಸಿ ಚಿಕ್ಕ ಬಾಟಲಿಯಲ್ಲಿ ಇಟ್ಟುಕೊಂಡಿರುತ್ತೇನೆ. ಇದರ ಒಂದು ಟೀ ಚಮಚದಲ್ಲಿ, ಅಂದರೆ 5 ಮಿಲಿಯಲ್ಲಿ, ಸುಮಾರು ಅರ್ಧ ಗ್ರಾಂ ಉಪ್ಪಿರುತ್ತದೆ. ಬಟ್ಟಲಿಗೆ ಒಂದು ಚಮಚ ಹಾಕಿದಾಗ ರುಚಿ ಸರಿ ಅನ್ನಿಸಿತೆನ್ನಿ. ಪಾತ್ರೆಯಲ್ಲಿ ಒಂದೂವರೆ ಕೆಜಿ ಇದ್ದರೆ ಅದಕ್ಕೆ ಬೇಕಾದ್ದು ಏಳೂವರೆ ಗ್ರಾಂ. ಪಾತ್ರೆಯಲ್ಲಿ ಎಷ್ಟಿದೆ ಎಂದು ತಿಳಿಯಲು ಖಾಲಿ ಪಾತ್ರೆಗಳ ತೂಕವನ್ನು ಒಮ್ಮೆ ನೋಡಿ, ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಬರೆದು ಅಂಟಿಸಿದರೆ ಸಾಕು.

ಮಸಾಲೆ ಬಟ್ಟಲಿಗೆ ನೀರು ಆಗಿಬರುವುದಿಲ್ಲ, ಎಣ್ಣೆ ಬೇಕು. ಮೆಣಸಿನಕಾಯಿಯ ಖಾರ, ಅರಿಶಿನದ ಬಣ್ಣ, ಬಹುಪಾಲು ಮಸಾಲೆಗಳ ಘಮ ಇವೆಲ್ಲ ಕರಗುವುದು ಕೊಬ್ಬಿನಲ್ಲಿ. ಹಸಿ ಪುಡಿಯನ್ನು ಹಾಗೇ ಉದುರಿಸಿ ರುಚಿ ನೋಡಿದರೆ ಸಿಗುವುದು ಹಸಿ ವಾಸನೆ ಮತ್ತು ಮರಳು ಮರಳಾದ ಪುಡಿ. 20 ಗ್ರಾಂ ಎಣ್ಣೆಗೆ 2 ಗ್ರಾಂ ಪುಡಿ ಹಾಕಿ, ಸಣ್ಣ ಉರಿಯಲ್ಲಿ ಘಮ ಏಳುವವರೆಗೆ, ಅಂದರೆ ಅರ್ಧದಿಂದ ಒಂದು ನಿಮಿಷ ಬಿಸಿ ಮಾಡಿ, ಐದು ನಿಮಿಷ ಬಿಡುತ್ತೇನೆ. ಚೆನ್ನಾಗಿ ಕಲಕಿ ಇದರ ಅರ್ಧ ಟೀ ಚಮಚ ಹಾಕಿದರೆ 100 ಗ್ರಾಂಗೆ ಸುಮಾರು 0.2 ಗ್ರಾಂ ಮಸಾಲೆ ಬಿದ್ದಂತೆ. ಕೆಜಿಗೆ 2 ಗ್ರಾಂ ಎಂಬ ಲೆಕ್ಕ ಅಲ್ಲಿಗೆ ಸಿಕ್ಕಿತು. ಕೊತ್ತಂಬರಿ ಪುಡಿಯಂಥ ಸೌಮ್ಯ ಮಸಾಲೆಗೆ ಇದು ತೀರ ಕಡಿಮೆ, ಅದು ಕೆಜಿಗೆ 6ರಿಂದ 8 ಗ್ರಾಂ ಹಿಡಿಯುತ್ತದೆ. ಜೀರಿಗೆಗೆ 2 ಗ್ರಾಂ ಸರಿಯಾದ ಆರಂಭ. ಲವಂಗ ಮಾತ್ರ ಕೆಜಿಗೆ ಕಾಲು ಗ್ರಾಂ ದಾಟಿದರೆ ಉಳಿದೆಲ್ಲವನ್ನೂ ಮುಚ್ಚಿಹಾಕುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಗೆಲ್ಲುವುದು ಹೆಚ್ಚಾಗಿ ಉಪ್ಪಿನ ಬಟ್ಟಲು, ಇಲ್ಲವೇ ಹುಳಿಯ ಬಟ್ಟಲು. ‘ಏನೋ ಕಡಿಮೆ’ ಅನ್ನಿಸಿದ ಕೂಡಲೇ ಕೈ ಮಸಾಲೆ ಡಬ್ಬಿಗೆ ಹೋಗುತ್ತದೆ. ಅಲ್ಲಿ ಕಡಿಮೆ ಇರುವುದು ಮಸಾಲೆಯಲ್ಲ.

ಉಪ್ಪಿನ ಲೆಕ್ಕ ಕಷ್ಟವೇನಲ್ಲ. ಗೊಜ್ಜು ಗೊಜ್ಜಾದ ಅಡುಗೆಗೆ, ಸೂಪಿಗೆ ಒಟ್ಟು ತೂಕದ ಶೇ. 0.8ರಿಂದ 1ರಷ್ಟು ಉಪ್ಪು ಹೆಚ್ಚಿನವರಿಗೆ ಹಿಡಿಸುತ್ತದೆ, ಅಂದರೆ ಕೆಜಿಗೆ 8ರಿಂದ 10 ಗ್ರಾಂ. ಎಡವುವುದು ಚಮಚದಲ್ಲಿ. ಸಮತಟ್ಟಾಗಿ ತುಂಬಿದ ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗುತ್ತದೆ. ಅದೇ ಚಮಚದ ಹರಳು ಉಪ್ಪು ಹರಳಿನ ಗಾತ್ರ ನೋಡಿಕೊಂಡು 3 ಗ್ರಾಂ ಇರಬಹುದು, 5 ಇರಬಹುದು. ಬೇರೆಯವರ ಪಾಕವಿಧಾನದಲ್ಲಿ ‘ಎರಡು ಚಮಚ ಉಪ್ಪು’ ಎಂದಿದ್ದರೆ ಯಾವ ಉಪ್ಪು ಎಂದು ಗೊತ್ತಾಗದೆ ಹಾಕಬಾರದು. ಸೋಯಾ ಸಾಸ್ ಹಾಕುವವರು ಅದನ್ನೂ ಉಪ್ಪಿನ ಲೆಕ್ಕಕ್ಕೇ ಸೇರಿಸಬೇಕು. ಒಂದು ದೊಡ್ಡ ಚಮಚದಲ್ಲಿ, ಅಂದರೆ 15 ಮಿಲಿಯಲ್ಲಿ, ಎರಡೂವರೆಯಿಂದ ಮೂರು ಗ್ರಾಂ ಉಪ್ಪಿರುತ್ತದೆ.

ಇನ್ನೊಂದು ತೊಂದರೆ ಇಂಗುವಿಕೆ. ಒಂದು ಲೀಟರಿಗೆ 9 ಗ್ರಾಂ ಉಪ್ಪು ಹಾಕಿ ಕುದಿಸುತ್ತ ಹೋದರೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮಿಶ್ರಣ 700 ಮಿಲಿಗೆ ಇಳಿದಾಗ ಅದು ಶೇ. 1.3ರ ಹತ್ತಿರ ಬಂದು ಕಟು ಉಪ್ಪಾಗಿರುತ್ತದೆ. ಹಾಗಾಗಿ ಮೊದಲಿಗೆ ಮೂರರಲ್ಲಿ ಎರಡು ಪಾಲು ಹಾಕಿ, ಉಳಿದದ್ದನ್ನು ಬಟ್ಟಲ ಪರೀಕ್ಷೆಯ ಮೇಲೆ ನಿರ್ಧರಿಸುತ್ತೇನೆ. ಪೂರ್ತಿ ಕೊನೆಗೇ ಹಾಕುವುದೂ ತಪ್ಪು. ಆಲೂಗಡ್ಡೆ, ಕಾಳು, ಮಾಂಸದ ಒಳಗೆ ಉಪ್ಪು ಇಳಿಯಲು ಹೊತ್ತು ಬೇಕು, ಇಲ್ಲದಿದ್ದರೆ ರಸ ಉಪ್ಪುಪ್ಪಾಗಿ ಹೋಳು ಸಪ್ಪೆಯಾಗಿ ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಶೇ. 0.9ರ ಅಡುಗೆ ಒಬ್ಬರು 300 ಗ್ರಾಂ ಉಂಡರೆ ಅಲ್ಲೇ 2.7 ಗ್ರಾಂ ಆಯಿತು. ಮನೆಯಲ್ಲಿ ಉಪ್ಪು ಇಳಿಸಬೇಕಾದವರಿದ್ದರೆ ಶೇ. 0.7ಕ್ಕೆ ತಂದು, ಕೊರತೆಯನ್ನು ಹುಳಿಯಿಂದ ತುಂಬಿಸುತ್ತೇನೆ. ಹುಳಿ ಉಪ್ಪಿನ ರುಚಿಯನ್ನು ಎತ್ತಿ ತೋರಿಸುತ್ತದೆ.

ಹುಳಿ ಎಷ್ಟು ಎನ್ನುವುದಕ್ಕಿಂತ ಯಾವಾಗ ಎನ್ನುವುದು ದೊಡ್ಡ ಪ್ರಶ್ನೆ. ಟೊಮೆಟೊ, ವಿನೆಗರ್, ನಿಂಬೆ ಯಾವುದೇ ಇರಲಿ, ಕಾಳು ಆಲೂಗಡ್ಡೆ ಬೇಯುವ ಮೊದಲೇ ಬಿದ್ದರೆ ಅವು ಗಟ್ಟಿಯಾಗಿಯೇ ಉಳಿಯುತ್ತವೆ. ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಆಮ್ಲದಲ್ಲಿ ಸುಲಭವಾಗಿ ಕರಗದಿರುವುದೇ ಇದಕ್ಕೆ ಕಾರಣ. ಒಂದು ಗಂಟೆ ಕುದಿಸಿದರೂ ಕಾಳು ಮೆತ್ತಗಾಗಲಿಲ್ಲ ಎಂದು ಬೈಸಿಕೊಳ್ಳುವ ಕಾಳಿನದು ಎಷ್ಟೋ ಸಲ ತಪ್ಪೇ ಇರುವುದಿಲ್ಲ. ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವ ಹದಕ್ಕೆ ಬಂದ ಮೇಲೆಯೇ ಟೊಮೆಟೊ. ಇದನ್ನೇ ತಿರುಗಿಸಿ ಬಳಸಬಹುದು: ಹೋಳು ಕರಗದೆ ನಿಲ್ಲಬೇಕೆಂದಿದ್ದರೆ ಬೇಯುವ ನೀರಿಗೇ ಸ್ವಲ್ಪ ಹುಳಿ ಹಾಕಿದರಾಯಿತು. ನಿಂಬೆರಸವನ್ನಂತೂ ಒಲೆ ಆರಿಸಿದ ಮೇಲೆಯೇ ಹಾಕಬೇಕು. ಕುದಿದರೆ ಹುಳಿ ಉಳಿಯುತ್ತದೆ, ನಿಂಬೆಯ ಪರಿಮಳ ಹೋಗುತ್ತದೆ. ಕೆಜಿಗೆ ಎರಡು ಟೀ ಚಮಚದಿಂದ ಶುರುಮಾಡಿ. ಹುಳಿ ಹೆಚ್ಚಾಯಿತೆನಿಸಿದರೆ ಅರ್ಧ ಚಮಚ ಸಕ್ಕರೆ ಅದನ್ನು ತಗ್ಗಿಸುತ್ತದೆ, ಆದರೆ ಸಿಹಿ ನಾಲಿಗೆಗೆ ತಿಳಿಯುವ ಮೊದಲೇ ನಿಲ್ಲಿಸಬೇಕು.

ಈಗ ಮಸಾಲೆ. ಹೊಸ ರುಚಿ ಬೇಕೆಂದು ಹೊಸ ಮಸಾಲೆ ಕೊಳ್ಳುವ ಮೊದಲು ಡಬ್ಬಿಯಲ್ಲಿರುವುದನ್ನೇ ಬೇರೆ ರೀತಿ ಹುರಿದು ನೋಡಿ. ಹಸಿ ಜೀರಿಗೆ ಪುಡಿ, ಹುರಿದ ಜೀರಿಗೆ ಪುಡಿ, ಎಣ್ಣೆಯಲ್ಲಿ ಸಿಡಿಸಿದ ಇಡೀ ಜೀರಿಗೆ ಇವು ಮೂರೂ ಮೂರು ಬೇರೆ ಪದಾರ್ಥಗಳೇ. ಹುರಿಯುವಾಗ ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬಾರದು. ಮಧ್ಯಮಕ್ಕಿಂತ ಸಣ್ಣ ಉರಿಯಲ್ಲಿ, ದಪ್ಪ ತಳದ ಬಾಣಲೆಯಲ್ಲಿ ಕೊತ್ತಂಬರಿ ಬೀಜಕ್ಕೆ ಮೂರರಿಂದ ನಾಲ್ಕು ನಿಮಿಷ ಬೇಕು, ಜೀರಿಗೆ ಮತ್ತು ಕರಿಮೆಣಸಿಗೆ ಎರಡರ ಆಸುಪಾಸು, ಒಣಮೆಣಸಿನಕಾಯಿಗೆ ಒಂದು ನಿಮಿಷವೂ ಬೇಡ. ಕೂಡಿಸಿ ಹುರಿದರೆ ಕೊತ್ತಂಬರಿ ಹದಕ್ಕೆ ಬರುವಷ್ಟರಲ್ಲಿ ಮೆಣಸಿನಕಾಯಿ ಸೀದು ಘಾಟೆದ್ದಿರುತ್ತದೆ. ಗಡಿಯಾರಕ್ಕಿಂತ ಗುರುತು ಮುಖ್ಯ: ಕೊತ್ತಂಬರಿ ಒಂದು ಛಾಯೆ ಕಪ್ಪಾಗಿ, ಹಲ್ಲಿಗೆ ಸಿಕ್ಕರೆ ಪುಡಿಯಾಗಬೇಕು. ಮೆಂತ್ಯ ನಸುಗೆಂಪಿಗೆ ತಿರುಗಿದೊಡನೆ ಇಳಿಸಬೇಕು, ಅದನ್ನು ದಾಟಿದರೆ ಬರೀ ಕಹಿ. ಬಾಣಲೆಯ ಬಿಸಿಯೇ ಇನ್ನಷ್ಟು ಹುರಿಯುತ್ತ ಇರುವುದರಿಂದ ಒಲೆ ಆರಿಸಿ ಅಲ್ಲೇ ಬಿಡದೆ ತಟ್ಟೆಗೆ ಸುರಿಯಬೇಕು. ಪೂರ್ತಿ ಆರದೆ ಪುಡಿ ಮಾಡಿದರೆ ಆವಿಯ ಪಸೆ ಹಿಡಿದು ಗಂಟು ಕಟ್ಟುತ್ತದೆ.

ಪುಡಿಯನ್ನು ಎಣ್ಣೆಗೆ ಹಾಕುವ ಗಳಿಗೆಯಲ್ಲೇ ಹೆಚ್ಚು ಅಡುಗೆ ಹಾಳಾಗುವುದು. ಕಾದ ಎಣ್ಣೆಯಲ್ಲಿ ಮೆಣಸಿನಪುಡಿ ಕೆಲವೇ ಕ್ಷಣಗಳಲ್ಲಿ ಕಪ್ಪಾಗುತ್ತದೆ. ನಾನು ಪಾತ್ರೆಯನ್ನು ಒಲೆಯಿಂದ ಆಚೆ ಎತ್ತಿ ಪುಡಿ ಹಾಕಿ, ಹತ್ತಕ್ಕೆ ಎಣಿಸಿ, ಎರಡು ಚಮಚ ನೀರು ಬೆರೆಸಿ ಮತ್ತೆ ಒಲೆಗೆ ಇಡುತ್ತೇನೆ. ನೀರು ಇರುವಷ್ಟು ಹೊತ್ತು ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಪುಡಿ ಸೀಯುವುದಿಲ್ಲ. ನೀರು ಇಂಗಿ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ಹಸಿ ವಾಸನೆ ಹೋಯಿತೆಂದು ಅರ್ಥ. ಮೊದಲೇ ನೀರು ಹಾಕಿದರೆ ಒಗ್ಗರಣೆಯ ಘಮ ಬರುವುದಿಲ್ಲ ಎನ್ನುವವರಿದ್ದಾರೆ. ಇಡೀ ಮಸಾಲೆ ಕಾಳುಗಳ ವಿಷಯದಲ್ಲಿ ಅವರ ಮಾತು ಸರಿ, ಪುಡಿಯ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಬೆಳ್ಳುಳ್ಳಿಯ ಖಾರ ಎಷ್ಟು ಬೇಕೋ ಅಷ್ಟಕ್ಕೆ ಮಾಡಿಕೊಳ್ಳಬಹುದು. ಎಸಳು ಇಡಿಯಾಗಿರುವಾಗ ಅದರಲ್ಲಿ ಆ ಘಾಟಿಲ್ಲ. ಜಜ್ಜಿದಾಗ ಕಿಣ್ವವೊಂದು ಕೆಲಸ ಮಾಡಿ ಅಲಿಸಿನ್ ಎಂಬ ಘಾಟಿನ ಅಂಶ ಉಂಟಾಗುತ್ತದೆ. ತೀಕ್ಷ್ಣವಾಗಿ ಬೇಕಾದರೆ ಜಜ್ಜಿ ಹತ್ತು ನಿಮಿಷ ಬಿಟ್ಟು ಬಳಸುವುದು. ಮೆದುವಾಗಿ ಬೇಕಾದರೆ ಜಜ್ಜುತ್ತಲೇ ನಿಂಬೆರಸದಲ್ಲಿ ಕಲಸುವುದು, ಹುಳಿ ಆ ಕಿಣ್ವವನ್ನು ತಡೆಯುತ್ತದೆ. ಇಡೀ ಎಸಳನ್ನೇ ಬೇಯಿಸಿದರೆ ಬಹುತೇಕ ಸಿಹಿ.

ಮಾಂಸ ಮಾಡುವವರಿಗೆ ಎರಡೇ ಮಾತು. ಕೆಜಿಗೆ 10 ಗ್ರಾಂ ಉಪ್ಪನ್ನು ಅಡುಗೆಗೆ ತೊಡಗುವ ಮುನ್ನ ಮುಕ್ಕಾಲು ಗಂಟೆಯಾದರೂ ಮೊದಲು ಸವರಿ, ಇಲ್ಲವೇ ಬಾಣಲೆಗೆ ಹಾಕುವ ಕ್ಷಣದಲ್ಲಿ ಸವರಿ. ನಡುವಿನ ಹತ್ತಿಪ್ಪತ್ತು ನಿಮಿಷದಲ್ಲಿ ಉಪ್ಪು ನೀರನ್ನು ಹೊರಗೆಳೆದಿರುತ್ತದೆ, ಅದು ಮರಳಿ ಒಳಗೆ ಹೋಗಿರುವುದಿಲ್ಲ. ಒದ್ದೆ ಮೈ ಕೆಂಪಗೆ ಹುರಿಯುವುದಿಲ್ಲ, ಬೇಯುತ್ತದೆ. ಮತ್ತೆ, ಹಸಿ ಮಾಂಸ ಕಲಸಿದ ಮಸಾಲೆಯನ್ನು ನಾಲಿಗೆಗೆ ಹಚ್ಚಿ ನೋಡಬೇಡಿ. ಖೀಮಾ ಆದರೆ ನಾಣ್ಯದಷ್ಟು ಬಿಲ್ಲೆ ತಟ್ಟಿ, ಪೂರ್ತಿ ಬೇಯುವಂತೆ ಹುರಿದು ರುಚಿ ನೋಡಿ ಉಳಿದದ್ದಕ್ಕೆ ಉಪ್ಪು ತಿದ್ದಿ.

ಉಪ್ಪೂ ಸರಿ, ಹುಳಿಯೂ ಸರಿ, ಆದರೂ ತೆಳ್ಳಗೆ ನೀರು ನೀರು ಅನ್ನಿಸಿದರೆ ಅಲ್ಲಿ ಬೇಕಾದ್ದು ಉಮಾಮಿ, ಅಂದರೆ ಮಾಂಸದ ಸಾರಿನಲ್ಲಿ ಸಿಗುವಂಥ ತುಂಬು ರುಚಿ. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ 1908ರಲ್ಲಿ ಕಡಲಪಾಚಿಯ ಸಾರದಿಂದ ಗ್ಲುಟಮೇಟ್ ಬೇರ್ಪಡಿಸಿ ಈ ರುಚಿಗೆ ಹೆಸರಿಟ್ಟರು. ಅದು ಟೊಮೆಟೊದಲ್ಲೂ ಇದೆ. ಒಣ ಅಣಬೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ಅಂಶವಿದೆ, ಇವೆರಡು ಸೇರಿದರೆ ಬಿಡಿಬಿಡಿಯಾಗಿ ಕೊಡುವುದಕ್ಕಿಂತ ಎಷ್ಟೋ ಹೆಚ್ಚಿನ ರುಚಿ ಬರುತ್ತದೆ. 10 ಗ್ರಾಂ ಒಣ ಅಣಬೆಯನ್ನು 200 ಮಿಲಿ ಬೆಚ್ಚನೆಯ ನೀರಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನೂ ಹೆಚ್ಚಿದ ಅಣಬೆಯನ್ನೂ ಒಂದು ಕೆಜಿ ಅಡುಗೆಗೆ ಹಾಕಿ ಕುದಿಸಿ. ತಳದಲ್ಲಿ ಮಣ್ಣು ಕೂತಿರುತ್ತದೆ, ಕೊನೆಯ ಗುಟುಕು ಬೇಡ. ಟೊಮೆಟೊ ಪೇಸ್ಟ್ ಆದರೆ ಒಂದು ದೊಡ್ಡ ಚಮಚವನ್ನು ಎಣ್ಣೆಯಲ್ಲಿ ಇಟ್ಟಿಗೆಯ ಬಣ್ಣಕ್ಕೆ ಬರುವವರೆಗೆ ಹುರಿದು ಹಾಕಬೇಕು.

ಮಕ್ಕಳೂ ದೊಡ್ಡವರೂ ಒಂದೇ ಪಾತ್ರೆಯಿಂದ ಉಣ್ಣುವ ಮನೆಯಲ್ಲಿ ಖಾರವನ್ನು ಪಾತ್ರೆಗೆ ಹಾಕದಿರುವುದೇ ಲೇಸು. ಘಮದ ಮಸಾಲೆ ಪಾತ್ರೆಗೆ, ಖಾರ ಬೇರೆ ಎಣ್ಣೆಯಲ್ಲಿ ಊಟದ ಹೊತ್ತಿಗೆ. 50 ಮಿಲಿ ಎಣ್ಣೆ ಬಿಸಿ ಮಾಡಿ, ಒಲೆಯಿಂದಿಳಿಸಿ, ಒಂದು ಚೂರು ಮೆಣಸಿನಕಾಯಿ ಹಾಕಿದರೆ ಮೆಲ್ಲಗೆ ನೊರೆ ಬಂದು ಕಪ್ಪಾಗದಿರುವ ಹದದಲ್ಲಿ 8 ಗ್ರಾಂ ತರಿ ಮೆಣಸಿನಪುಡಿಯ ಮೇಲೆ ಸುರಿಯುತ್ತೇನೆ. ಇದಕ್ಕೆ ಹಸಿ ಬೆಳ್ಳುಳ್ಳಿ ಸೇರಿಸಿದರೆ ಹೊರಗಿಡಬಾರದು. ಗಾಳಿಯಾಡದ ಎಣ್ಣೆಯೊಳಗೆ ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಬಾಯಿ ಉರಿದರೆ ನೀರಿಗಿಂತ ಹಾಲು ಮೊಸರು ವಾಸಿ, ಅವುಗಳಲ್ಲಿರುವ ಕೇಸಿನ್ ಎಂಬ ಪ್ರೋಟೀನು ಖಾರದ ಅಂಶವನ್ನು ಹಿಡಿದುಕೊಂಡು ಹೋಗುತ್ತದೆ.

ನಾಲ್ಕು ಜನರ ಅಳತೆಯನ್ನು ಎಂಟಕ್ಕೆ ಏರಿಸುವಾಗ ಉಪ್ಪು ಮಸಾಲೆ ಎರಡರಷ್ಟಾಗಲಿ, ನೀರು ಎರಡರಷ್ಟು ಬೇಡ. ಆವಿಯಾಗುವುದು ಪಾತ್ರೆಯ ಬಾಯಿಯ ಅಗಲವನ್ನು ಅವಲಂಬಿಸಿದೆ, ಒಳಗೆ ಎಷ್ಟಿದೆ ಎಂಬುದನ್ನಲ್ಲ. ಒಂದೂಮುಕ್ಕಾಲು ಪಟ್ಟು ಹಾಕಿ, ಬೇಕಾದರೆ ಆಮೇಲೆ ಬಿಸಿನೀರು ಸೇರಿಸಿಕೊಳ್ಳಿ.

ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ ತೆಗೆಯುವ ಉಪಾಯ ಎಲ್ಲರಿಗೂ ಗೊತ್ತು, ಕೆಲಸ ಮಾತ್ರ ಮಾಡುವುದಿಲ್ಲ. ಆಲೂಗಡ್ಡೆ ಉಪ್ಪುನೀರನ್ನು ಹೀರುತ್ತದೆ, ನೀರು ಬಿಟ್ಟು ಉಪ್ಪನ್ನಷ್ಟೇ ಅಲ್ಲ. ಉಳಿದ ರಸ ಮೊದಲಿನಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದೆ ಬೇಯಿಸಿದ ತರಕಾರಿ, ಕಾಳು ಅಥವಾ ಬಿಸಿನೀರು ಸೇರಿಸಿ ಒಟ್ಟು ತೂಕವನ್ನೇ ಹೆಚ್ಚಿಸಬೇಕು. ಶೇ. 1.3 ಇರುವ ಒಂದು ಕೆಜಿಯನ್ನು ಶೇ. 1ಕ್ಕೆ ತರಲು 300 ಗ್ರಾಂ ಬೇಕು. ಕಹಿಯಾದರೆ ಚಿಟಿಕೆ ಉಪ್ಪು, ಚಿಟಿಕೆ ಸಕ್ಕರೆಯಿಂದ ಸ್ವಲ್ಪ ಮಟ್ಟಿಗೆ ಅಡಗುತ್ತದೆ. ತಳ ಹಿಡಿದು ಸೀದದ್ದಕ್ಕೆ ಯಾವ ಮಸಾಲೆಯೂ ಮದ್ದಲ್ಲ. ವಾಸನೆ ಬಂದೊಡನೆ ಕೈಯಾಡಿಸುವುದನ್ನು ನಿಲ್ಲಿಸಿ, ತಳ ಕೆರೆಯದೆ ಮೇಲಿನದ್ದನ್ನಷ್ಟೇ ಸೌಟಿನಲ್ಲಿ ಬೇರೆ ಪಾತ್ರೆಗೆ ತೆಗೆದು, ಒಂದು ಬಟ್ಟಲಲ್ಲಿ ರುಚಿ ನೋಡಿ. ಸೀದ ವಾಸನೆ ಅದರಲ್ಲೂ ಇದ್ದರೆ ಹುಳಿ ಖಾರ ಸುರಿದು ಮುಚ್ಚಲು ಹೋಗದೆ ಬೇರೇನಾದರೂ ಮಾಡಿಕೊಳ್ಳುವುದೇ ಬೇಗ ಮುಗಿಯುವ ಕೆಲಸ.